ಅರ್ಧಕ್ಕೆ ನಿಂತ ಗಾಜು

ನಮ್ಮ ದೊಡ್ಡಪ್ಪ ಈ ಭೂಮಿಯ ಮೇಲೆ ಬಿಚ್ಚದೆ ಬಿಟ್ಟಿರುವ ವಸ್ತು ಒಂದೇ, ಕರೆಂಟಿನ ಮೀಟರು. ಅದೂ ಸೀಲು ಹಾಕಿದ್ದಾರೆಂಬ ಮರ್ಯಾದೆಗೆ. ಉಳಿದಂತೆ ಮಾಕಳಿಯ ಅವರ ಮನೆಯಲ್ಲಿ ಸ್ಕ್ರೂ ಇರುವ ಯಾವ ಪದಾರ್ಥಕ್ಕೂ ನೆಮ್ಮದಿಯಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾದದ್ದು ಅವರು ಮಾತ್ರ, ಅವರ ಕೈಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಅವರು ರಿಪೇರಿ ಮಾಡಿದ ಮಿಕ್ಸಿ ಚೆನ್ನಾಗಿಯೇ ತಿರುಗುತ್ತದೆ, ನಿಲ್ಲಿಸಬೇಕಾದರೆ ಮಾತ್ರ ಪ್ಲಗ್ಗು ಕೀಳಬೇಕು. ಪ್ರತಿ ರಿಪೇರಿಯ ಕೊನೆಗೂ ಒಂದೆರಡು ಸ್ಕ್ರೂ ಮಿಕ್ಕೇ ಮಿಗುತ್ತವೆ. ಕೇಳಿದರೆ, "ಕಂಪ್ನಿಯೋರು ಜಾಸ್ತಿ ಹಾಕಿರ್ತಾರೆ ಕಣ್ ಮಗಾ, ಅವ್ರಿಗೆ ಧೈರ್ಯ ಸಾಲ್ದು" ಎನ್ನುತ್ತಾರೆ. ಹಾಗೆ ಮಿಕ್ಕ ಸ್ಕ್ರೂಗಳಿಗೆಂದೇ ಅಂಗೈಯಗಲದ ತಗಡಿನ ಡಬ್ಬಿಯೊಂದಿದೆ. ಅದನ್ನು ಮುಟ್ಟಲು ಯಾರಿಗೂ ಅಪ್ಪಣೆಯಿಲ್ಲ.

ದೇವರ ವಿಷಯದಲ್ಲೂ ಅವರದು ಫಿಟ್ಟರ್ ಲೆಕ್ಕವೇ. ಕಾರು ಕೊಂಡ ದಿನವೇ ದೊಡ್ಡಮ್ಮನಿಗೆ ಕಟ್ಟಪ್ಪಣೆಯಾಗಿತ್ತು: "ಇದ್ರೊಳ್ಗೆ ಕುಂಕುಮ, ಹೂವು, ಪ್ರಸಾದ ಯಾವ್ದೂ ಇಡಂಗಿಲ್ಲ. ಗಾಡಿ ಓಡೋದು ನಟ್ಟು ಬೋಲ್ಟಿನ ಮೇಲೆ." ಆಯುಧಪೂಜೆಯ ದಿನ ಅವರು ಕಾರಿಗೆ ಮಾಡುವ ಪೂಜೆಯೆಂದರೆ ಗ್ರೀಸು ಹಚ್ಚುವುದು!

ಹೋದ ತಿಂಗಳು ಆ ಕಾರಿನ ಡ್ರೈವರ್ ಕಡೆಯ ಕಿಟಕಿ ಗಾಜು ಅರ್ಧಕ್ಕೆ ನಿಂತುಬಿಟ್ಟಿತು. ಗುಂಡಿ ಒತ್ತಿದರೆ ಬಾಗಿಲೊಳಗೆ ಮೋಟಾರು ನರಳುತ್ತದೆ, ಗಾಜು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಗ್ಯಾರೇಜಿನವನು ನೋಡಿ, "ಪೂರ್ತಿ ಸೆಟ್ಟೇ ಚೇಂಜ್ ಮಾಡ್ಬೇಕು ಅಣ್ಣ" ಎಂದ. ಫಿಟ್ಟರನಿಗೆ ಇದಕ್ಕಿಂತ ಅವಮಾನ ಉಂಟೆ? ದೊಡ್ಡಪ್ಪ ಬೀದಿಗೆಲ್ಲ ಕೇಳುವಂತೆ ಶಪಥ ಮಾಡಿದರು: "ಭಾನುವಾರ ಸಂಜೆ ಒಳ್ಗೆ ಈ ಗ್ಲಾಸು ಮೇಲಕ್ ಬರ್ಲಿಲ್ಲ ಅಂದ್ರೆ ಕಾರ್ ಮಾರ್ಬಿಡ್ತೀನಿ. ಇನ್ಮೇಲೆ ಸ್ಪ್ಯಾನರ್ರೂ ಮುಟ್ಟಲ್ಲ."

ಸ್ಪ್ಯಾನರ್ ಮುಟ್ಟದ ದೊಡ್ಡಪ್ಪ! ಆ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡಿಯಾರು? ನನಗೇ ಭಯವಾಯಿತು. ಆದರೆ ನನಗಿಂತ ಹೆದರಿದವರು ದೊಡ್ಡಮ್ಮ. ಎಂದೂ ರಿಪೇರಿಯ ತಂಟೆಗೆ ಬಾರದವರು ಆ ಭಾನುವಾರ ಕಾಫಿಯ ನೆಪದಲ್ಲಿ ಐದು ಸಲ ಅಂಗಳಕ್ಕೆ ಬಂದರು.

"ಗ್ಯಾರೇಜಿಗೇ ಕೊಟ್ಬಿಡ್ರೀ. ಬಾಗ್ಲು ಬಿಚ್ಚೋದ್ ಬ್ಯಾಡ."

"ಯಾಕಮ್ಮಿ, ಬಾಗ್ಲೊಳ್ಗೆ ಒಡವೆ ಬಚ್ಚಿಟ್ಟಿದೀಯಾ?"

ದೊಡ್ಡಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ದೊಡ್ಡಪ್ಪ ಮೊದಲು ನನ್ನ ಕೈಲಿ ಗಾಜು ಹಿಡಿಸಿ, ಅದು ಜಾರದಂತೆ ಟೇಪು ಅಂಟಿಸಿದರು. ಆಮೇಲೆ ದೋಸೆ ಮಗುಚುವ ಸಟ್ಟುಗವನ್ನು ಸಂದಿಗೆ ತೂರಿಸಿ ಬಾಗಿಲಿನ ಒಳಹೊದಿಕೆಯನ್ನು ಎಬ್ಬಿಸಿದರು. ಎರಡು ಕ್ಲಿಪ್ಪು ಮುರಿದವು. "ಅವು ಎಂಗಿದ್ರೂ ಜಾಸ್ತಿ" ಎಂದು ಬದಿಗೆಸೆದು ಒಳಗೆ ಟಾರ್ಚು ಬಿಟ್ಟವರು ಹಾಗೇ ಕುಳಿತುಬಿಟ್ಟರು.

ಗಾಜನ್ನು ಎಳೆಯುವ ತಂತಿಯ ಚಕ್ರಕ್ಕೆ ಮೊಳದುದ್ದದ ಬಾಳೆನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಯಾವ ಕಂಪನಿಯವರು ಕಾರಿನ ಬಾಗಿಲಲ್ಲಿ ಬಾಳೆನಾರು ಇಡುತ್ತಾರೆ? ತಳದಲ್ಲಿ ನೋಡಿದರೆ ಒಣಗಿದ ಹೂವು, ಮಡಚಿದ ಕಾಗದದ ಪುಟ್ಟಪುಟ್ಟ ಕುಂಕುಮದ ಪೊಟ್ಟಣ. ಒಂದಲ್ಲ, ಎರಡಲ್ಲ, ಒಂದು ಬೊಗಸೆಯಷ್ಟು.

ದೊಡ್ಡಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದರು. "ನೀವ್ ಹೊರಟಾಗೆಲ್ಲ ಗಾಜಿನ ಸಂದೀಲಿ ಒಂದೀಟು ಪ್ರಸಾದ ಬಿಡ್ತಿದ್ದೆ. ತುಮಕೂರ್ ರೋಡಲ್ಲಿ ಲಾರಿಗೋಳು ಎಂಗ್ ಬರ್ತವೆ ನೋಡಿದೀರಲ್ಲ. ಕಾರೊಳ್ಗೆ ಇಡಬ್ಯಾಡ ಅಂದ್ರಿ, ಸರಿ. ಬಾಗ್ಲೊಳ್ಗೆ ಬ್ಯಾಡ ಅಂತ ಯಾವಾಗ ಅಂದ್ರಿ?"

ದೊಡ್ಡಪ್ಪ ಬ್ಲೇಡಿನಿಂದ ನಾರನ್ನು ಎಳೆಎಳೆಯಾಗಿ ಕುಯ್ದು ತೆಗೆದು, ಎಣ್ಣೆ ಬಿಟ್ಟು, ಟೇಪು ಕಿತ್ತು, ಗುಂಡಿ ಒತ್ತಿದರು. ಗಾಜು ಸರ್ರನೆ ಮೇಲೇರಿತು. ಇನ್ನೂ ನಾಲ್ಕು ಗಂಟೆ. ಶಪಥ ಗೆದ್ದಾಗಿತ್ತು, ಇನ್ನು ಬೈಗುಳದ ಸಹಸ್ರನಾಮ ಶುರುವಾಗುತ್ತದೆಂದು ನಾನೂ ದೊಡ್ಡಮ್ಮನೂ ತಲೆ ತಗ್ಗಿಸಿ ಕಾದೆವು.

ಅವರು ಒಳಗೆ ಹೋಗಿ ತಗಡಿನ ಡಬ್ಬಿ ತಂದರು. ಅದರಲ್ಲಿದ್ದ ಸ್ಕ್ರೂಗಳನ್ನೆಲ್ಲ ಪಂಚೆಯ ಮಡಿಲಿಗೆ ಸುರಿದುಕೊಂಡರು. ಬೊಗಸೆ ಪ್ರಸಾದವನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಗಾಜಿಗೆ ತಾಗದಷ್ಟು ಅಂತರವನ್ನು ಅಳೆದು ನೋಡಿ, ಬಾಗಿಲಿನ ತಳಕ್ಕೆ ಕೂರಿಸಿ ಭದ್ರಪಡಿಸಿದರು.

"ಇನ್ಮೇಲೆ ಸಂದೀಲಿ ಬಿಡಬ್ಯಾಡ ಕಣಮ್ಮಿ. ನನ್ ಕೈಗ್ ಕೊಡು. ಆಯುಧಪೂಜೆ ದಿನ ಬಿಚ್ಚಿ ನಾನೇ ಹಾಕ್ತೀನಿ."

ಹೊದಿಕೆ ಮುಚ್ಚಿದ ಮೇಲೆ ನಾನು ಅಭ್ಯಾಸಬಲದಿಂದ ನೆಲ ಹುಡುಕಿದೆ. ಆ ಬಾಗಿಲಿನದು ಒಂದು ಸ್ಕ್ರೂ ಕೂಡ ಮಿಕ್ಕಿರಲಿಲ್ಲ. ಮೇಲಾಗಿ, ಮಡಿಲಲ್ಲಿದ್ದ ಹಳೆಯವುಗಳಲ್ಲೇ ನಾಲ್ಕು ಆ ಡಬ್ಬಿಯನ್ನು ಕೂರಿಸಲು ಖರ್ಚಾಗಿದ್ದವು.