ಐದು ಗುಂಡಿಯ ಪ್ಯಾಂಟು

ಬಡವರನ್ನು ಜಗತ್ತಿನ ಮಾರುಕಟ್ಟೆಗೆ ಕರೆದೊಯ್ಯುತ್ತೇವೆಂದು ಯಾರಾದರೂ ಹೊರಟರೆ ನಾನು ಮೊದಲು ಕನ್ನಡಕ ಒರೆಸಿಕೊಳ್ಳುತ್ತೇನೆ. ನೋಡುವುದಕ್ಕೆ ಏನಾದರೂ ಸಿಕ್ಕೇ ಸಿಗುತ್ತದೆ.

ನಿವೃತ್ತಿಯ ನಂತರ ಅಂಥದೊಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಜೀನ್ಸ್ ಹೊಲಿಯುವ ನಮ್ಮ ಕಡೆಯ ಹೆಂಗಸರು, ನಡುವೆ ದಲ್ಲಾಳಿಯಿಲ್ಲದೆ, ಮೊಬೈಲಿನಲ್ಲೇ ಹೊರದೇಶದವರಿಗೆ ಮಾಲು ಮಾರಬೇಕು ಎಂಬುದು ಅದರ ಉದ್ದೇಶ. ಬಳ್ಳಾರಿಯಲ್ಲಿ ಕಚೇರಿ, ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು ಹೊಲಿಗೆ ಕೇಂದ್ರ. ನಾನು ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಹುಡುಗಿಯರ ಹಾಸ್ಟೆಲ್ ನಡೆಸಿದವಳು. ಹಾಗಾಗಿ ಇಂಗ್ಲಿಷ್ ಪತ್ರವ್ಯವಹಾರ ನನ್ನ ಪಾಲಿಗೆ ಬಂತು. ಉದ್ದೇಶ ಒಳ್ಳೆಯದೇ. ಅದನ್ನು ಹೊತ್ತು ತಂದ ಅಧಿಕಾರಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

ಕುರುಗೋಡಿನವರಿಗೆ ಆತ ಒಂದು ಷರತ್ತು ಹಾಕಿದ್ದ. ದಸರೆಯೊಳಗೆ ಹೊರದೇಶದ ಆರ್ಡರ್ ಬರಬೇಕು, ಇಲ್ಲವಾದರೆ ಮಷಿನ್‌ಗಳು ಬಳ್ಳಾರಿಗೆ. ಆಮೇಲೆ ಆ ಹೆಂಗಸರು ದಿನಾ ಬಸ್ಸು ಹತ್ತಿ ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಓಡಾಡಬೇಕು. ಎಲ್ಲರೂ ಅಕ್ಕ ಎನ್ನುವ ಅವರ ಮುಂದಾಳು ಹಿಂದೆ ಆ ಓಡಾಟ ಮಾಡಿಯೇ ಸೊಂಟ ಹಿಡಿಸಿಕೊಂಡವಳು. ಮಷಿನ್ ಹೋದರೆ ತಾನು ಹೊಲಿಗೆಯನ್ನೇ ಬಿಡುವುದಾಗಿ ಹೇಳುತ್ತಿದ್ದಳು.

ಜಾಣ ಫೋನು

ಮೊದಲ ತರಬೇತಿ ಬಳ್ಳಾರಿಯಲ್ಲಿ. ಕನ್ನಡದಲ್ಲಿ ಮಾತಾಡಿದರೆ ಸಾಕು, ಫೋನು ತಾನೇ ಇಂಗ್ಲಿಷ್ ಮಾಡಿ ಹೇಳುತ್ತದೆ, ಕೊಳ್ಳುವವರ ಇಂಗ್ಲಿಷನ್ನು ಕನ್ನಡ ಮಾಡುತ್ತದೆ ಎಂದು ಅಧಿಕಾರಿ ವಿವರಿಸಿದ. ಒಂದೇ ನಿಯಮ ಎಂದು ಬೆರಳೆತ್ತಿದ.

"ಪ್ಯೂರ್ ಕನ್ನಡ ಯೂಸ್ ಮಾಡಿ. ಇಂಗ್ಲಿಷ್ ವರ್ಡ್ಸ್ ಮಿಕ್ಸ್ ಮಾಡಬೇಡಿ."

ಸಿರುಗುಪ್ಪದಿಂದ ಬಂದಿದ್ದ ಹೆಂಗಸೊಬ್ಬಳು ಮುಂದೆ ಬಂದು, ಫೋನಿಗೆ ತಲೆಬಾಗಿ, "ಅರಿವಿ ಚಲೋ ಐತಿ" ಎಂದಳು. ಮತ್ತೊಮ್ಮೆ ಹೇಳಿ ಎಂದಿತು ಫೋನು. ಹೇಳಿದಳು. ಮತ್ತೊಮ್ಮೆ ಎಂದಿತು. ಕಿವಿ ಮಂದ ಇರಬೇಕೆಂದು ಆಕೆ ಕೂಗಿ ಹೇಳಿದಳು. ಕೆಳಗಿನ ಅಂಗಡಿಯವನು ಏನಾಯಿತೆಂದು ಮೇಲೆ ಹತ್ತಿ ಬಂದ. ಕೊನೆಗೆ "ಬಟ್ಟೆ ಚೆನ್ನಾಗಿದೆ" ಎನ್ನಲು ನಾನೇ ಕಲಿಸಬೇಕಾಯಿತು. ನಿಮ್ಮ ಮಾತನ್ನೂ ಅದು ನಿಧಾನವಾಗಿ ಕಲಿಯುತ್ತದೆ, ದಿನಾ ಅದರ ಜೊತೆ ಮಾತಾಡುತ್ತಿರಿ ಎಂದು ಅಧಿಕಾರಿ ಸಮಾಧಾನ ಹೇಳಿದ.

ಆಕೆ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಂದ್ರ ಅದಕ್ಕ ಸಾಲಿ ಕಲಿಸೋರು ನಾವು. ಮಾಸ್ತರ ಪಗಾರ ಯಾರ ಕೊಡ್ತಾರ್ರಿ?"

ಬಡತನದ ಫೋಟೊ

ಜಾಲತಾಣಕ್ಕೆ ಹೆಂಗಸರ ಫೋಟೊ ಬೇಕಾಯಿತು. ಸಿರುಗುಪ್ಪದ ಕೇಂದ್ರ ಇದ್ದದ್ದು ಅಕ್ಕಿ ಗಿರಣಿಯೊಂದರ ಹಳೆಯ ಗೋದಾಮಿನಲ್ಲಿ. ಅದರ ಸುಣ್ಣ ಉದುರಿದ ಗೋಡೆ ಅಧಿಕಾರಿಗೆ ಬಹಳ ಹಿಡಿಸಿತ್ತು. ನಾವು ಹೋಗಿ ನೋಡಿದರೆ ಗೋಡೆಗೆ ತಿಳಿನೀಲಿ ಬಣ್ಣ. ಹೊರದೇಶದವರು ನೋಡುತ್ತಾರೆಂದು ಕೇಳಿ ಗಿರಣಿಯ ಮಾಲೀಕ ಮರ್ಯಾದೆಗೆ ಬಳಿಸಿದ್ದ. ಹೆಂಗಸರೂ ಹಾಗೆಯೇ. ರೇಷ್ಮೆ ಸೀರೆ, ಮುಡಿತುಂಬ ಕನಕಾಂಬರ. ಒಬ್ಬಳಂತೂ ತಂಗಿಯ ಮದುವೆಯ ಡಾಬು ಕಟ್ಟಿಕೊಂಡು ಮಷಿನ್ ಮುಂದೆ ಕೂತಿದ್ದಳು.

ಅಧಿಕಾರಿ ತಲೆ ಹಿಡಿದುಕೊಂಡ. ಹಳೆಯ ಸೀರೆ ಉಟ್ಟು ಬನ್ನಿ, ನಗಬೇಡಿ, ಸ್ವಲ್ಪ ದೂರ ನೋಡುತ್ತ ಕೂರಿ ಎಂದ. ನನ್ನ ಹಾಸ್ಟೆಲಿನಲ್ಲಿ ತಲೆ ಬಾಚದ ಹುಡುಗಿಯನ್ನು ಕ್ಯಾಮೆರಾದ ಮುಂದೆ ಬಿಟ್ಟ ದಾಖಲೆಯಿಲ್ಲ ಎಂದು ನಾನು ಆತನಿಗೆ ತಿಳಿಸಿದೆ. ನಿಮಗೆ ಗೊತ್ತಾಗುವುದಿಲ್ಲ ಮೇಡಂ, ಒಬ್ಬರಾದರೂ ನೋಡಿದ ಕೂಡಲೇ ಬಡವರು ಅನ್ನಿಸಬೇಕು, ಆಗಲೇ ಕೊಳ್ಳುವವರ ಮನಸ್ಸು ಕರಗುವುದು ಎಂದ.

ಫೋನಿಗೆ ಪಾಠ ಹೇಳಿದ್ದ ಅದೇ ಹೆಂಗಸು ಆತನನ್ನು ಮೇಲಿನಿಂದ ಕೆಳಗೆ ನೋಡಿದಳು. ಗಡ್ಡ ಬೆಳೆದಿತ್ತು. ಪ್ಯಾಂಟು ಎರಡೂ ಮೊಣಕಾಲಿಗೆ ಹರಿದು ದಾರ ಜೋತಾಡುತ್ತಿತ್ತು.

"ಹಂಗಾದ್ರ ನೀವ ನಿಂದರ್ರಿ ಸಾಹೇಬ್ರ. ಇಷ್ಟು ಮಂದ್ಯಾಗ ಹರಕ ಅರಿವಿ ಉಟ್ಟೋರು ನೀವೊಬ್ರ."

ಐದು ಗುಂಡಿ

ಕೊನೆಗೆ ರೇಷ್ಮೆ ಸೀರೆಯ ಫೋಟೊವೇ ಹೋಯಿತು. ಅದನ್ನು ನೋಡಿಯೇ ಜಾಲತಾಣದೊಳಗೆ ಬಂದ ಯೂರೋಪಿನ ಬಟ್ಟೆ ಅಂಗಡಿಯೊಂದರ ಒಡತಿ, ಅಲ್ಲಿದ್ದ ಕುರುಗೋಡಿನ ಪ್ಯಾಂಟಿನ ಬಗ್ಗೆ, ಜಿಪ್ಪಿನ ಬದಲು ಪಟ್ಟಿಯ ಮರೆಯಲ್ಲಿ ಗುಂಡಿ ಇರುವಂಥದರ ಬಗ್ಗೆ, ವಿಡಿಯೊದಲ್ಲಿ ಮಾತಾಡಬೇಕೆಂದಳು. ದಸರೆ ಹತ್ತಿರ ಬಂದಿತ್ತು. ಅಕ್ಕನ ಪಾಲಿಗೆ ಇದೊಂದೇ ಅವಕಾಶ. ಅಧಿಕಾರಿಗೆ ಮಾತ್ರ ಇದು ಫೋನಿನ ಜಾಣತನದ ಪ್ರದರ್ಶನ. ಕಂಪನಿಯ ದೊಡ್ಡ ಸಾಹೇಬರಿಬ್ಬರನ್ನು ಕುರುಗೋಡಿನ ಕೇಂದ್ರಕ್ಕೇ ಕರೆಸಿ ಕುರ್ಚಿ ಹಾಕಿಸಿದ್ದ. ನಡುವೆ ಬಾಯಿ ಹಾಕಬಾರದೆಂದು ನನಗೆ ಅಪ್ಪಣೆಯಾಗಿತ್ತು.

ಅಕ್ಕ ಪ್ಯಾಂಟನ್ನು ನೀಟಾಗಿ ಮಡಚಿ ಮಡಿಲಲ್ಲಿಟ್ಟುಕೊಂಡು, ಕಲಿಸಿದ ಶುದ್ಧ ಕನ್ನಡದಲ್ಲಿ ಶುರುಮಾಡಿದಳು: "ಈ ಪ್ಯಾಂಟಿನಲ್ಲಿ ಐದು ಗುಂಡಿಗಳಿವೆ."

ಗುಂಡಿ ಎಂದರೆ ಅಂಗಿಗೆ ಹಾಕುವುದೂ ಹೌದು, ನೆಲದಲ್ಲಿ ತೋಡುವುದೂ ಹೌದು. ಫೋನು ನೆಲದ್ದನ್ನೇ ಆರಿಸಿಕೊಂಡಿತು. ಈ ಪ್ಯಾಂಟಿನಲ್ಲಿ ಐದು ಹೊಂಡಗಳಿವೆ ಎಂದು ಒಳ್ಳೆಯ ಉಚ್ಚಾರಣೆಯಲ್ಲಿ, ವ್ಯಾಕರಣದೋಷವಿಲ್ಲದೆ ಹೇಳಿತು.

ಒಡತಿ ಪರದೆಯ ಹತ್ತಿರಕ್ಕೆ ಬಾಗಿ ಏನೋ ಕೇಳಿದಳು. ಫೋನು ಕನ್ನಡಿಸಿತು: "ಗುಂಡಿಗಳು ಎಷ್ಟು ಆಳವಾಗಿವೆ?"

ಅಕ್ಕ ನನ್ನತ್ತ ನೋಡಿದಳು. ಅಧಿಕಾರಿ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ. ಎರಡು ಬೆರಳಿನಲ್ಲಿ ಹಿಡಿಯುವಷ್ಟಿವೆ ಎಂದಳು ಅಕ್ಕ. ಇದರಿಂದ ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಮುಂದಿನ ಪ್ರಶ್ನೆ. ಹೊರದೇಶದವರು ಬಹಳ ನಾಜೂಕು ಎಂದುಕೊಂಡಳೋ ಏನೋ, ಅಕ್ಕ ಧೈರ್ಯ ಹೇಳಿದಳು: "ಹೆದರಬೇಡಿ. ಒಂದು ಗುಂಡಿ ಕಿತ್ತುಹೋದರೆ ಇನ್ನೊಂದು ಗುಂಡಿ ಕಳಿಸುತ್ತೇವೆ."

ಹೊಂಡ ಕಿತ್ತುಹೋದರೆ ಬೇರೆ ಹೊಂಡ ಕಳಿಸುವ ಊರನ್ನು ಒಡತಿ ಅದೇ ಮೊದಲು ಕಂಡಿರಬೇಕು. ಎಲ್ಲ ಗುಂಡಿ ಮುಚ್ಚಿಸಿದರೆ ಮಾತ್ರ ಕೊಳ್ಳುತ್ತೇನೆ ಎಂದಳು. ಅಕ್ಕನ ಶುದ್ಧ ಕನ್ನಡ ಅಲ್ಲಿಗೆ ಮುಗಿಯಿತು.

"ಗುಂಡಿ ಮುಚ್ಚಿದ್ರ ಪ್ಯಾಂಟ ನಿಂದ್ರೋದು ಹೆಂಗ ಯವ್ವಾ?"

ಫೋನು ಏನು ತಿಳಿದುಕೊಂಡಿತೋ, ಒಡತಿ ವಂದನೆ ಹೇಳಿ ಕರೆ ಮುಗಿಸಲು ಕೈ ಎತ್ತಿದಳು. ಅಕ್ಕ ಮತ್ತೆ ನನ್ನತ್ತ ತಿರುಗಿದಳು. ಅಪ್ಪಣೆ ಪಾಲಿಸುವುದೇ ಶಿಸ್ತು ಎಂದು ಜೀವಮಾನವಿಡೀ ಹೇಳಿಕೊಟ್ಟವಳು ನಾನು. ಆದರೂ ಕುರ್ಚಿ ಎಳೆದುಕೊಂಡು ಮುಂದೆ ಬಾಗಿ, ಆ ಪ್ಯಾಂಟನ್ನು ಕಸಿದು ಪರದೆಗೆ ಹಿಡಿದು, ಒಂದೇ ಪದ ಹೇಳಿದೆ: "ಬಟನ್."

ಒಡತಿ ಕಣ್ಣೀರು ಬರುವ ತನಕ ನಕ್ಕಳು. ಅಲ್ಲೇ ಆರ್ಡರ್ ಕೊಟ್ಟಳು. ಮಷಿನ್‌ಗಳು ಕುರುಗೋಡಿನಲ್ಲೇ ಉಳಿದವು. ಅಧಿಕಾರಿ ದೊಡ್ಡ ಸಾಹೇಬರ ಕೈ ಕುಲುಕಿ, ನೋಡಿದಿರಾ ಸಾರ್, ಭಾಷೆಯ ತಡೆಯೇ ಇಲ್ಲ ಎಂದ.

ಮಾಲು ಹೋದ ಮೇಲೆ ಒಡತಿಯಿಂದ ಪತ್ರ ಬಂತು. ತಮಾಷೆಗೆ "ಐದು ಹೊಂಡದ ಪ್ಯಾಂಟು" ಎಂದೇ ಚೀಟಿ ಹಚ್ಚಿದ್ದಳಂತೆ, ಗಿರಾಕಿಗಳು ಮುಗಿಬಿದ್ದರಂತೆ, ಇನ್ನಷ್ಟು ಹೊಂಡ ಬೇಕಂತೆ. ನಾನು ಕುರುಗೋಡಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ಮಷಿನ್ ನಿಲ್ಲಿಸದೆ ಕೇಳಿಸಿಕೊಂಡಳು.

"ಅವ್ರಿಗೆ ಹೊಂಡ ಬೇಕಂದ್ರ ಹೊಲಿಯಾದ್ಯಾಕ್ರಿ ಅಮ್ಮಾರ? ನಮ್ಮ ಬಳ್ಳಾರಿ ರೋಡಿನ ಫೋಟೊ ಹಾಕ್ರಿ. ತಯಾರ ಮಾಲು ಐತಿ. ಒಯ್ಯಾಕ ಮಾತ್ರ ಅವರ ಬರ್ಲಿ, ಆ ಬಸ್ಸಿನ್ಯಾಗ ನಾನಂತೂ ಬರಂಗಿಲ್ಲ."