ಷಡ್ಡಕನ ಬ್ರೇಕು

ಷಡ್ಡಕ ಶಾಂತಮೂರ್ತಿ ಹೈಬ್ರಿಡ್ ಕಾರು ಕೊಂಡದ್ದಕ್ಕೆ ರುದ್ರಸ್ವಾಮಿಯವರಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೇ. ತಪ್ಪನ್ನು ಅವರು ಹೆಂಡತಿ ಮಾಲಿನಿಯ ಹುರುಳಿ ಸಾರಿನ ಮೇಲೆ ಹಾಕುತ್ತಿದ್ದರು.

ಮಧುವನಹಳ್ಳಿಯ ಈ ದೊಡ್ಡಳಿಯನಿಗೆ ಇದ್ದದ್ದು ಒಂದೇ ಪಟ್ಟ. ಅಮಾವಾಸ್ಯೆ ಬಂತೆಂದರೆ, ತಮ್ಮ ಮನೆಯಲ್ಲೇ ಇದ್ದ ಅತ್ತೆ ಗುರುಬಸಮ್ಮನವರನ್ನು ತಮ್ಮ ಹಳೆಯ ಜೀಪಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯುವುದು. ಅತ್ತೆ ಪಕ್ಕದಲ್ಲಿ ಕೂತು, ಸಿಕ್ಕವರಿಗೆಲ್ಲ "ನಮ್ಮ ದೊಡ್ಡಳಿಯಂದ್ರು ಇಲ್ದಿದ್ರೆ ನಂಗೆ ಮಾದಪ್ಪ ಎಲ್ಲಿ" ಎನ್ನುವರು. ಆ ಮಾತಿನ ಮುಂದೆ ಅರಮನೆಯ ಅಂಬಾರಿಯೂ ಸಪ್ಪೆ. ಈಗ ಅಗರದ ಕಿರಿಯಳಿಯ, ಹೊರಟದ್ದೇ ಗೊತ್ತಾಗದಂಥ ಕಾರು ತಂದಿದ್ದ. ಅತ್ತೆ ಒಮ್ಮೆ ಅದರಲ್ಲಿ ಕೂತು ಇಳಿದವರು, "ತೊಟ್ಲು ಕಣವ್ವಾ" ಎಂದುಬಿಟ್ಟರು. ಆ ಮಾತು ರುದ್ರಸ್ವಾಮಿಯವರ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ಕೂತಿತು.

ಸಾಲದ್ದಕ್ಕೆ, ಹೆಂಡತಿಯೊಡನೆ ಕಾಶಿಗೆ ಹೊರಟ ಶಾಂತಮೂರ್ತಿ ಆ ತೊಟ್ಟಿಲನ್ನು ತಂದು ಇವರ ಕೊಟ್ಟಿಗೆಯಲ್ಲೇ ನಿಲ್ಲಿಸಿದ.

"ಅಣ್ಣಾ, ವಸಿ ನೋಡ್ಕಳಿ. ಅಮಾಸೆ ಒಳಗೆ ಬತ್ತೀನಿ. ಈ ಸಲ ಅತ್ತೇನ ನಾನೇ ಬೆಟ್ಟಕ್ಕೆ ಕರ್ಕಂಡೋಯ್ತೀನಿ."

ಅವನ ಬಸ್ಸು ಕೊಳ್ಳೇಗಾಲ ಮುಟ್ಟುವ ಮೊದಲೇ ರುದ್ರಸ್ವಾಮಿಯವರು ಜೀಪನ್ನು ಕೊಟ್ಟಿಗೆಗೆ ಸೇರಿಸಿ, ಹೈಬ್ರಿಡ್ಡನ್ನು ಅಂಗಳಕ್ಕೆ ತಳ್ಳಿದರು. (ಜೀಪಿಗೆ ವಯಸ್ಸಾಗಿದೆ, ಶೀತ ತಡೆಯುವುದಿಲ್ಲ ಎಂದು ಮಾಲಿನಿಗೆ ವಿವರಣೆಯಾಯಿತು.) ಅಂದೇ ಹಿಡಿದ ಮಳೆ ವಾರವಿಡೀ ಬಿಡಲಿಲ್ಲ.

ಬಿಸಿಲು ಬಿದ್ದ ದಿನ, ರಾಗಿ ಹರಡಬೇಕು, ಕಾರು ಅತ್ತ ಸರಿಸಿ ಎಂದಳು ಮಾಲಿನಿ. ಕಾರು ಎರಡು ಮಾರು ಉರುಳಿತು. ಬ್ರೇಕು ಒತ್ತಿದರು. ಗರ್‌ರ್ರ್!

ರುದ್ರಸ್ವಾಮಿಯವರ ರೋಮಗಳೆಲ್ಲ ಎದ್ದು ನಿಂತವು. ಇನ್ನೊಮ್ಮೆ ಒತ್ತಿದರು. ಗರ್‌ರ್ರ್! ಲೋಕದಲ್ಲಿ ಇಷ್ಟು ಇಂಪಾದ ನಾದ ಇನ್ನೊಂದಿಲ್ಲ.

"ಬ್ರೇಕು ಓಯ್ತು!" ಎಂದು ಅವರು ಕೂಗಿದ ದನಿಯಲ್ಲಿ ಮೊಮ್ಮಗ ಹುಟ್ಟಿದ ಸಡಗರವಿತ್ತು.

ಒಳಗಿನಿಂದ ಅತ್ತೆ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. "ಕೀಲು ಒಣಗ್ಯದೆ, ಅಷ್ಟೇಯಾ. ನಿಮ್ಮಾವ ಎತ್ತಿನ ಗಾಡಿ ಕಿರುಗುಟ್ಟಿದ್ರೆ ಹಿಂಗೇಯ ಎಣ್ಣೆ ಬುಡೋರು" ಎನ್ನುತ್ತ ಚಕ್ರದ ಪಕ್ಕ ಕುಕ್ಕುರು ಕೂತು, ಒಳಗೆ ಹೊಳೆಯುವ ಬ್ರೇಕಿನ ತಟ್ಟೆಯ ಮೇಲೆ ಬಟ್ಟಲು ಬಗ್ಗಿಸಹೊರಟರು.

ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ರುದ್ರಸ್ವಾಮಿಯವರು ತಡೆಯಲು ಹೋಗಲಿಲ್ಲ. ಎಣ್ಣೆ ಬಿದ್ದರೆ ಬ್ರೇಕು ಹಿಡಿಯದು, ಗೆಲುವು ತನ್ನದೇ. ಮರುಗಳಿಗೆ ಬೆಟ್ಟದ ತಿರುವೊಂದು, ಕಾರಿನ ಕಿಟಕಿಯಲ್ಲಿ ಅತ್ತೆಯ ಬಿಳಿತಲೆ ಕಣ್ಣಿಗೆ ಕಟ್ಟಿತು. ಹಾರಿಹೋಗಿ ಬಟ್ಟಲು ಕಿತ್ತುಕೊಂಡರು. ಎಣ್ಣೆಯೆಲ್ಲ ಪಂಚೆಯ ಪಾಲಾಯಿತು. (ಹೊಟ್ಟೆಕಿಚ್ಚಿಗೂ ಒಂದು ಬ್ರೇಕು ಇರುತ್ತದೆ.)

"ಬ್ರೇಕಿಗೆ ಎಣ್ಣೆ ಬುಡಬಾರ್ದು ಅತ್ತೆ, ಜಾರೋಯ್ತದೆ! ಹನೂರುಗಂಟ ಓಗ್ಬರನ ಬನ್ನಿ. ನೀವೇ ಕಿವಿಯಾರ ಕೇಳಿ, ಇದ್ರಲ್ಲಿ ಬೆಟ್ಟ ಅತ್ತೋದಾ ಬ್ಯಾಡ್ವಾ ನೀವೇ ಏಳಿ."

"ಬ್ರೇಕ್ ಓಗಿರೋ ಗಾಡೀಲಿ ಹನೂರಿಗಾ?" ಎಂದಳು ಮಾಲಿನಿ.

"ಓಡ್ಸೋನು ನಾನು ಕಣೇ!"

"ಅದ್ಕೇ ಕೇಳ್ದೆ."

ಪಂಚೆ ಬದಲಿಸಿ ಹೊರಟರು. ಅತ್ತೆ ಮುಂದೆ, ಮಾಲಿನಿ ಹಿಂದೆ. ರಸ್ತೆ ಖಾಲಿ ಕಂಡಲ್ಲೆಲ್ಲ ರುದ್ರಸ್ವಾಮಿಯವರ ಪ್ರಯೋಗ. ಪೆಡಲನ್ನು ಮೆಲ್ಲಗೆ ಒತ್ತಿದರೆ ಸದ್ದಿಲ್ಲ. ಕಾರು ಸಣ್ಣಗೆ ಗುಂಯ್‌ಗುಡುತ್ತ ತಾನಾಗಿ ನಿಧಾನವಾಗುತ್ತಿತ್ತು. ನಿಲ್ಲುವ ಕೊನೆಯ ಕ್ಷಣಕ್ಕೆ, ಇಲ್ಲವೇ ಗಟ್ಟಿಯಾಗಿ ತುಳಿದರೆ, ಗರ್‌ರ್ರ್.

"ನೋಡುದ್ರಾ ಅತ್ತೆ? ದೂರದಲ್ಲಿ ನಯ, ಅತ್ರ ಬಂದ್ರೆ ಗುರ್ರ್. ಯಜಮಾನನ ಬುದ್ಧಿಯೇ ಗಾಡಿಗೂ ಬಂದದೆ."

"ಪಾಪ, ಹಂಗನ್ನಬ್ಯಾಡಿ" ಎಂದರು ಅತ್ತೆ, ಮುಂದಕ್ಕೆ ಮುಗ್ಗರಿಸಿದ ಎಲೆಯಡಿಕೆ ಚೀಲ ಎತ್ತಿಕೊಳ್ಳುತ್ತ.

ದೊಡ್ಡಿಂದುವಾಡಿ ದಾಟುವಾಗ ಗರ್ರ್ ಎಂಬುದು ಸರ್ರ್ ಆಗಿತ್ತು. ರುದ್ರಸ್ವಾಮಿಯವರು ಇನ್ನೂ ಬಲವಾಗಿ ತುಳಿದರು. ಕಾಮಗೆರೆಯಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ಆಲಿಸಿದರು. ನೊಣ ಹಾರಿದಷ್ಟು ಸದ್ದು. ಹನೂರಿನ ಹೊತ್ತಿಗೆ ಅದೂ ಇಲ್ಲ. ಬ್ರೇಕು ಬೆಣ್ಣೆಯಾಗಿತ್ತು. "ಒಂದೇ ಒಂದ್ಸಲ ಕೂಗು ತಾಯಿ" ಎಂದು ಅವರು ಪೆಡಲಿಗೆ ಬೇಡಿಕೊಂಡದ್ದು ಹಿಂದಿನ ಸೀಟಿಗೂ ಕೇಳಿಸಿತು.

ಹನೂರಿನ ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಮಾಲಿನಿ ತಂಗಿಯ ಗಂಡನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಕಾಶಿಯಿಂದ ಶಾಂತಮೂರ್ತಿ ನಕ್ಕ.

"ಅದು ಕಾಯ್ಲೆ ಅಲ್ಲ ಕಣತ್ಗೆ, ತುಕ್ಕು. ಈ ಗಾಡೀಲಿ ಮೋಟ್ರೇ ಗಾಡೀನ ಹಿಡ್ದು ಬ್ಯಾಟ್ರಿ ತುಂಬ್ಕತದೆ. ಬ್ರೇಕಿಗೆ ಕೆಲ್ಸ ಕಮ್ಮಿ. ಮಳೇಲಿ ನಿಂತ್ರೆ ತಟ್ಟೆಗೆ ತುಕ್ಕು ಇಡೀತದೆ. ಗಟ್ಟಿಯಾಗಿ ನಾಕ್ಸಲ ಒತ್ತುದ್ರೆ ಉಜ್ಜೋಯ್ತದೆ. ಅಣ್ಣ ಒತ್ತಿ ಒತ್ತಿ ಸರಿ ಮಾಡ್ಬುಟ್ಟವ್ರೆ! ಆದ್ರೂ ಮಳೇಲಿ ಯಾಕ್ ನಿಂತಿತ್ತು? ನಾನು ಕೊಟ್ಟಿಗೇಲಿ ತಾನೆ ಬುಟ್ಟಿದ್ದು?"

ಮಾಲಿನಿ ಗಂಡನ ಕಡೆ ತಿರುಗಿದಳು. ರುದ್ರಸ್ವಾಮಿಯವರಿಗೆ ಟೀ ಅಂಗಡಿಯ ಬೋರ್ಡಿನ ಮೇಲೆ ಎಂದೂ ಇಲ್ಲದ ಆಸಕ್ತಿ ಹುಟ್ಟಿತು.

ಆದರೆ ಗುರುಬಸಮ್ಮನವರ ಕಣ್ಣು ತುಂಬಿ ಬಂದಿತ್ತು. "ಷಡ್ಡಕನ ಗಾಡಿ ಅಂತ ಬೇದ ಎಣಿಸ್ದೆ ಇಷ್ಟು ಒದ್ದಾಡುದ್ರಲ್ಲಾ! ಅಮಾಸೆಗೆ ಬೆಟ್ಟಕ್ಕೆ ನೀವೇ ಓಡಿಸ್ಬೇಕು, ಇನ್ಯಾರ್ ಕೈಗೂ ಕೊಡಬ್ಯಾಡಿ."

ರುದ್ರಸ್ವಾಮಿಯವರ ಎದೆ ಕಬಿನಿ ಕಾಲುವೆಯಂತೆ ತುಂಬಿ ಹರಿಯಿತು. ಪಟ್ಟ ಉಳಿಯಿತು!

ಅಮಾವಾಸ್ಯೆ ಬಂತು, ಕಾಶಿಯಿಂದ ಷಡ್ಡಕನೂ ಬಂದ. ಶಾಂತಮೂರ್ತಿಯ ಕಾರು, ರುದ್ರಸ್ವಾಮಿಯವರ ಸಾರಥ್ಯ. ಮುಂದಿನ ಸೀಟಿನ ಧೂಳು ಕೊಡವಿ ಬಾಗಿಲು ತೆರೆದು ನಿಂತರೆ, ಅತ್ತೆ ಹಿಂದಿನ ಬಾಗಿಲಿಗೆ ಹೋದರು. "ನಾನು ಶಾಂತಮೂರ್ತಿ ಅತ್ರ ಕೂತ್ಕತೀನಿ. ಕಾಶಿ ಕತೆ ಕೇಳ್ಬೇಕು. ಮುಂದ್ಗಡೆ ತೆಂಗಿನಕಾಯಿ ಚೀಲ ಇಡಿ." ಹಿಂದೆ ವಿಶ್ವನಾಥನೂ ಗಂಗೆಯೂ ರಬಡಿಯೂ ಒಂದಾದ ಮೇಲೊಂದು ಬಂದವು. ಮುಂದೆ ತೆಂಗಿನಕಾಯಿಗಳು ಪ್ರತಿ ತಿರುವಿನಲ್ಲೂ ರುದ್ರಸ್ವಾಮಿಯವರ ಮಂಡಿಗೆ ಬಡಿದವು.

ತಾಳಬೆಟ್ಟದ ಗೇಟಿನಲ್ಲಿ ಕಾವಲುಗಾರ ಕಿಟಕಿ ತಟ್ಟಿದ. "ಡ್ರೈವರಣ್ಣಾ, ವಸಿ ಸೈಡಿಗಾಕು." ಆಮೇಲೆ ಹಿಂದಿನ ಸೀಟಿಗೆ ಬಾಗಿ, "ಎಲ್ಲಿಂದ ಬಂದ್ರಿ ಸಾ?" ಎಂದು ಶಾಂತಮೂರ್ತಿಗೆ ಕೈಮುಗಿದ.

ರುದ್ರಸ್ವಾಮಿಯವರ ಮುಖ ಕೆಂಪೇರುವುದರೊಳಗೆ ಗುರುಬಸಮ್ಮನವರು ಅಭಿಮಾನದಿಂದ ಮುಂದೆ ಬಾಗಿದರು. "ಡ್ರೈವರ್ ಅಲ್ಲ ಕಣಪ್ಪಾ, ನಮ್ಮ ದೊಡ್ಡಳಿಯಂದ್ರು! ಈ ಗಾಡಿ ಬ್ರೇಕಿಗೆ ಇವ್ರ ಕಾಲೇ ಆಗ್ಬೇಕು. ಇನ್ಮೇಲೆ ತಿಂಗ್ಳಿಗೊಂದ್ಸಲ ಅಗರಕ್ಕೋಗಿ ಒತ್ಕೊಟ್ಟು ಬತ್ತಾರೆ."

ಕಾವಲುಗಾರ ಇಬ್ಬರನ್ನೂ ಒಮ್ಮೆ ನೋಡಿ ಶಾಂತಮೂರ್ತಿಗೆ ಹೇಳಿದ:

"ಪುಣ್ಯವಂತ್ರು ಬುಡಿ ಸಾ. ನಂಗೂ ಒಬ್ಬ ಷಡ್ಡಕ ಅವ್ನೆ. ನನ್ ಬೈಕು ಕಂಡ್ರೇ ಹೊಟ್ಟೆ ಉರ್ಕತಾನೆ."