ಚೀನಾದ ಗುಡ್ಡದ ಮೇಲೆ ನಾನು ಹಾಕಿದ ಧೂಪ

ಅಪ್ಪನ ಊರಿಗೆ ಹೋಗಿ ಬರುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ತೀರ್ಮಾನಿಸಿದ್ದೆ. ಊರು ಚೀನಾದಲ್ಲಿತ್ತು, ಅಷ್ಟೇ. ಅಪ್ಪ ಹುಡುಗನಾಗಿದ್ದಾಗ ಅಜ್ಜ ತೀರಿಕೊಂಡರು. ಹಲ್ಲು ಕಟ್ಟುವ ಕಸುಬಿನ ಸೋದರಮಾವ ಅಪ್ಪನನ್ನು ಮಂಗಳೂರಿಗೆ ಕರೆತಂದರು. ಅಪ್ಪ ಮತ್ತೆ ಹಿಂದಿರುಗಲಿಲ್ಲ. ಈಗ ಅವರ ಕಣ್ಣು ಮಂಜಾಗುತ್ತಿದೆ.

"ಪೂರಾ ಹೋಗುವ ಮೊದಲು ನನ್ನ ಅಪ್ಪನ ಸಮಾಧಿ ಒಮ್ಮೆ ನೋಡ್ಬೇಕಿತ್ತು ಮಗಾ" ಎಂದರು. ಫೋನಿನಲ್ಲಿ ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ನಾನಿರುವುದು ಒಮಾನಿನ ಅಲ್ ಮಬೇಲಾದಲ್ಲಿ. ತೈಲದ ಬೆಲೆ ನೆಲ ಕಚ್ಚಿದ್ದ ಕಾಲ. ಆಫೀಸಿನಲ್ಲಿ ಒಬ್ಬೊಬ್ಬರೇ ಕೆಲಸ ಹೋಗಿ 'ಖಲಾಸ್' ಆಗುತ್ತಿದ್ದರು. ಮ್ಯಾನೇಜರ್ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ! ರಜೆ ಕೇಳಿದಾಗ ಅವರೂ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಚೀನಾದಲ್ಲಿ ಇಂಟರ್‌ವ್ಯೂನಾ?" ಎಂದರು. ಹೀಗೆ ಯಾರನ್ನೂ ನಂಬದಿರುವ ಕಲೆಯಲ್ಲಿ ನಾನು ಚೆನ್ನಾಗಿ ಪಳಗಿದ್ದೆ.

ಆ ಕಲೆಯನ್ನು ಚೀನಾಕ್ಕೂ ಒಯ್ದೆ. ಜೊತೆಗೆ ಹೆಂಡತಿ ಗ್ಲ್ಯಾಡಿಸಳನ್ನೂ, ಅಜ್ಜನಿಗೆ ಧೂಪ ಹಾಕಲು ಒಂದು ಡಬ್ಬ ಒಮಾನಿ ಲೋಬಾನವನ್ನೂ.

ಟ್ಯಾಕ್ಸಿಯಿಂದ ಇಳಿದ ಕೂಡಲೇ ಒಬ್ಬ ಮುದುಕ ಹತ್ತಿರ ಬಂದ. ಅಪ್ಪ ಚೀನೀ ಅಕ್ಷರದಲ್ಲಿ ಅಜ್ಜನ ಹೆಸರು ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ಓದಿದವನೇ ಕಣ್ಣರಳಿಸಿ ನನ್ನ ತೋಳು ಹಿಡಿದು ಎಳೆಯತೊಡಗಿದ. ಇಷ್ಟು ಆತುರವೇ?

"ಬ್ರೋಕರ್" ಎಂದೆ ಗ್ಲ್ಯಾಡಿಸಳ ಕಿವಿಯಲ್ಲಿ.

"ಪಾಪದ ಅಜ್ಜ ಮಾರಾಯ್ರೆ. ದಾರಿ ತೋರಿಸ್ಲಿಕ್ಕೆ ಬಂದದ್ದು."

"ನಿನಗೆ ಗೊತ್ತಿಲ್ಲ ಮಾರಾಯ್ತಿ. ಮೊದಲು ದಾರಿ ತೋರಿಸ್ತಾರೆ, ಮತ್ತೆ ಕೈ ಒಡ್ತಾರೆ."

ಮುದುಕ ಎಡಕ್ಕೆ ಎಳೆದ. ಆದ್ದರಿಂದ ನಾನು ಬಲಕ್ಕೆ ಹೊರಟೆ!

ಗುಡ್ಡದ ತುಂಬ ಸಮಾಧಿಗಳು. ಅಪ್ಪ ಹೇಳಿದ್ದ ಗುರುತು ಒಂದೇ, ದೊಡ್ಡ ಮರದ ಬುಡ. ಮರ ಸಿಕ್ಕಿತು. ಬುಡದಲ್ಲೊಂದು ಸಮಾಧಿಯೂ ಸಿಕ್ಕಿತು. ಕಲ್ಲಿನ ಅಕ್ಷರಗಳನ್ನು ಪಾಚಿ ಮುಚ್ಚಿತ್ತು. ಇಷ್ಟು ಹಳೆಯದೆಂದರೆ ಅಜ್ಜನದೇ ಎಂದು ನಿಶ್ಚಯಿಸಿ ಮೊಣಕಾಲೂರಿದೆ. ಕಣ್ಣಲ್ಲಿ ನೀರೂ ಬಂತು. ಇದ್ದಿಲಿಗೆ ಬೆಂಕಿ ಹಚ್ಚಿ ಲೋಬಾನ ಸುರಿದೆ.

"ಇಗರ್ಜಿಯಲ್ಲಿ ಪಾದ್ರಿಗಳು ಒಂದು ಚಮಚ ಹಾಕುದು. ನೀವು ಡಬ್ಬವನ್ನೇ ಕವುಚಿದ್ರಲ್ಲ!" ಎಂದಳು ಗ್ಲ್ಯಾಡಿಸ್.

ಹೊಗೆ ಊರಿಗೆ ಇಳಿಯಿತು. ಊರು ಗುಡ್ಡ ಹತ್ತಿತು. ಒಬ್ಬ ಹೆಂಗಸು ನನ್ನನ್ನೂ ಕಲ್ಲನ್ನೂ ತೋರಿಸಿ ಕೂಗಾಡತೊಡಗಿದಳು. ಗ್ಲ್ಯಾಡಿಸ್ ಅನುವಾದದ ಫೋನನ್ನು ಅವಳ ಬಾಯಿಗೆ ಹಿಡಿದಳು. ಅದು ಹೇಳಿದ್ದಿಷ್ಟು: "ನಮ್ಮ ಮನೆಯಲ್ಲಿ ನಿನಗೆ ಪಾಲು ಇಲ್ಲ." ಅಲ್ಲಿ ಸಮಾಧಿಗೆ ಮೊಣಕಾಲೂರಿ ಧೂಪ ಹಾಕುವವರು ಆ ಮನೆಯ ಮಕ್ಕಳು ಮಾತ್ರವಂತೆ. ನಾನು ಕಣ್ಣೀರು ಬೇರೆ ಸುರಿಸಿದ್ದೆ!

ಗಾಬರಿಯಿಂದ ಅಪ್ಪನಿಗೆ ವಿಡಿಯೋ ಕರೆ ಮಾಡಿದೆ.

"ಪಾಚಿ ಒರೆಸು" ಎಂದರು. ಒರೆಸಿದೆ.

"ಹತ್ತಿರ ಹಿಡಿ." ಹಿಡಿದೆ.

"ಇದು ನನ್ನ ಅಪ್ಪ ಅಲ್ಲ ಮಾರಾಯಾ. ನಮ್ಮ ಗದ್ದೆ ನುಂಗಿದವ!"

ಅಷ್ಟರಲ್ಲಿ ಆ ಮುದುಕ ಏದುಸಿರು ಬಿಡುತ್ತ ಹತ್ತಿಬಂದ. ಫೋನಿನಲ್ಲಿದ್ದ ಮುಖವನ್ನು ನೋಡಿ ಏನೋ ಕೇಳಿದ. ಅಪ್ಪ ಏನೋ ಉತ್ತರಿಸಿದರು. ಆಮೇಲೆ ಇಬ್ಬರೂ ಅಳುತ್ತಿದ್ದರು.

ಮುದುಕ, ಅಪ್ಪ ಊರು ಬಿಟ್ಟಾಗ ತೊಟ್ಟಿಲಲ್ಲಿದ್ದ ಅವರ ತಮ್ಮ. ನಾನು ಬ್ರೋಕರ್ ಎಂದದ್ದು ಸ್ವಂತ ಚಿಕ್ಕಪ್ಪನನ್ನು!

ಚಿಕ್ಕಪ್ಪ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಗುಡ್ಡದ ಎಡಬದಿಗೆ ನಡೆದರು. ನಾವು ಹಿಂದೆ, ನಮ್ಮ ಹಿಂದೆ ಊರು. ಅಲ್ಲಿ ಮರವೇ ಇರಲಿಲ್ಲ, ಕಡಿದ ಬೊಡ್ಡೆ ಮಾತ್ರವಿತ್ತು. ಪಕ್ಕದಲ್ಲಿ ಗುಡಿಸಿ ಚೊಕ್ಕಟ ಮಾಡಿದ ಸಮಾಧಿ. ಅಪ್ಪ ಬಹಳ ಹೊತ್ತು ನೋಡಿದರು. "ಕಂಡಿತು" ಎಂದರು.

ನನಗೂ ಸಮಾಧಾನವಾಯಿತು. ಮೊಣಕಾಲೂರಲು ಹೋದೆ. ಚಿಕ್ಕಪ್ಪ ಕೈ ಅಡ್ಡ ಹಿಡಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅಪ್ಪನನ್ನು ಏನೋ ಕೇಳಿದರು.

"ಏನಂತೆ ಅಪ್ಪಾ?"

"ದಾರಿ ತೋರಿಸಿದ್ರೆ ಓಡಿಹೋಗ್ತಾನೆ, ಕಂಡವರ ಸಮಾಧಿಗೆ ಅಳ್ತಾನೆ, ಈ ಜನ ಯಾರು ಅಂತ ತಮ್ಮ ಕೇಳ್ತಿದ್ದಾನೆ."

"ನೀವೇನಂದ್ರಿ?"

ಅಪ್ಪ ನೆರೆದಿದ್ದ ಊರನ್ನು ನೋಡಿದರು. ನನ್ನ ಮಸಿ ಮೆತ್ತಿದ ಮುಖವನ್ನೂ ನೋಡಿದರು.

"ಗ್ಲ್ಯಾಡಿಸ್ ನನ್ನ ಸೊಸೆ ಅಂತ ಹೇಳಿದ್ದೇನೆ. ನಿನ್ನ ವಿಷಯ ಊರವರು ಹೋದ ಮೇಲೆ ಹೇಳುವಾ."